ಗ್ಯಾರೇಜಿನ ಅಣ್ಣ ಮಾಡದ ಪ್ರಮಾಣ

ಕಳೆದ ವಾರ ಫರಂಗಿಪೇಟೆಯ ಟ್ರಾಫಿಕ್ಕಿನಲ್ಲಿ ನಮ್ಮ ಕಾರಿನ ಮುಂದೆ ಒಂದು ಮುದಿ ಜೀಪು ನಿಂತಿತ್ತು. ಗೇರು ಹಾಕಿ ಹೊರಟದ್ದೇ ತಡ, ನೀಲಿ ಹೊಗೆ ಭುಸ್ಸೆಂದು ಬಂತು. ಕಾರು ಬಿಡುತ್ತಿದ್ದ ಮಗಳು, "ಅಪ್ಪ, ಗ್ಲಾಸ್ ಏರಿಸಿ ಮಾರಾಯ್ರೆ" ಅಂದಳು. ನಾನು ಏರಿಸಲಿಲ್ಲ. ಸುಟ್ಟ ಆಯಿಲಿನ ಆ ವಾಸನೆ ಮೂಗಿಗೆ ಬಡಿದು, ನಮ್ಮೂರು ನರಿಕೊಂಬಿನ ಒಂದು ತಗಡಿನ ಶೆಡ್ಡು, ಅದರೊಳಗೆ ಕೈ ಒರೆಸಿಕೊಳ್ಳುತ್ತಾ ನಿಂತ ಒಬ್ಬ ಮನುಷ್ಯ ಕಣ್ಣ ಮುಂದೆ ಬಂದರು. ಊರವರೆಲ್ಲ ಅವರನ್ನು ಗ್ಯಾರೇಜಿನ ಅಣ್ಣ ಎನ್ನುತ್ತಿದ್ದರು. ಅವರ ಅನ್ನಕ್ಕೆ ಕಲ್ಲು ಹಾಕಿದವನು ನಾನು.

ಆಗ ನಾನು ಮೂಡಬಿದಿರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟ್ರು. ದಿನಾ ಹೋಗಿಬರಲು ಇಬ್ಬರ ಕೈ ದಾಟಿ ಬಂದ ಒಂದು ಬಿಳಿ ಕಾರು, ಓಡಿದ್ದು ಎರಡು ಲಕ್ಷ ಕಿಲೋಮೀಟರಿನ ಮೇಲೆ. ಮೊದಲ ದಿನವೇ ಅಣ್ಣ ಅದರ ಹೊಗೆ ನೋಡಿ ಹೇಳಿದ್ದರು: "ಮಾಸ್ಟ್ರೇ, ಇದರ ಇಂಜಿನಿನ ರಿಂಗ್ ಸವೆದಿದೆ, ಆಯಿಲ್ ಕುಡೀತದೆ. ಈಗಲೇ ಬಿಚ್ಚುವುದು ಬೇಡ. ಪ್ರತಿ ಆದಿತ್ಯವಾರ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ. ಕಮ್ಮಿ ಉಂಟಾದ್ರೆ ಹಾಕಿ. ಡಿಕ್ಕಿಯಲ್ಲಿ ಒಂದು ಲೀಟರ್ ಯಾವಾಗಲೂ ಇರಲಿ." ಕಡ್ಡಿ ಒರೆಸಲು ಹಳೇ ಲುಂಗಿಯ ಒಂದು ತುಂಡನ್ನೂ ಮಡಚಿ ಕೊಟ್ಟರು.

ಮಕ್ಕಳಿಗೆ ದಿನಾ ಕಾಪಿ ಬರೆಯಿರಿ ಎಂದು ಕಿವಿ ಹಿಂಡುತ್ತಿದ್ದ ನಾನು ವಾರಕ್ಕೊಮ್ಮೆ ಬಾನೆಟ್ ಎತ್ತಲಿಲ್ಲ. ಆದಿತ್ಯವಾರ ಪೇಪರ್ ಓದುವುದು, ಮೀನು ತರುವುದು, ಮಲಗುವುದು. ಲುಂಗಿಯ ತುಂಡು ಮಡಚಿದ ಹಾಗೆಯೇ ಇತ್ತು.

ನಮ್ಮಲ್ಲಿ ಆಗ ಆಯಿಲಿನ ಡಬ್ಬ ನಾವೇ ಅಂಗಡಿಯಿಂದ ತಂದು ಗ್ಯಾರೇಜಿಗೆ ಕೊಡುವುದು. ಕೊಟ್ಟು ನಾನು ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೂರುತ್ತಿದ್ದೆ. ಸರ್ವಿಸ್ ಆಗಿ ಎರಡು ತಿಂಗಳಿಗೆ ಆಯಿಲಿನ ಕೆಂಪು ದೀಪ ಹತ್ತಿತು. ಅಣ್ಣ ಕಡ್ಡಿ ಎಳೆದು, "ತುದಿಗೂ ತಾಗುವುದಿಲ್ಲ. ಆದಿತ್ಯವಾರ ನೋಡಲಿಲ್ಲವಾ ಮಾಸ್ಟ್ರೇ?" ಎಂದು ಕೇಳಿದರು.

"ನೋಡಿದ್ದೇನಲ್ಲ, ಸರಿ ಇತ್ತು" ಅಂದೆ.

ಎಷ್ಟು ಸಲೀಸಾಗಿ ಬಂತು ಬಾಯಿಗೆ! ಅವರು ಆಯಿಲ್ ತುಂಬಿಸಿ ಕಳುಹಿಸಿದರು. ಮತ್ತೆರಡು ತಿಂಗಳಿಗೆ ದೀಪ ಮತ್ತೆ ಹತ್ತಿತು. ಅಂದು ಶನಿವಾರ, ಶೆಡ್ಡಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. "ನೋಡಿದ್ದರೆ ಹೀಗೆ ಆಗ್ಲಿಕ್ಕಿಲ್ಲ ಮಾಸ್ಟ್ರೇ" ಎಂದು ಅಣ್ಣ ಮೆತ್ತಗೆ ಹೇಳಿದರು. ಅಷ್ಟು ಜನರ ಮುಂದೆ ಸುಳ್ಳು ಸಿಕ್ಕಿಬಿತ್ತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅದನ್ನು ಮುಚ್ಚಲಿಕ್ಕೆ ಇನ್ನೊಂದು ಹೇಳಿದೆ, "ನಾನು ಕೊಟ್ಟ ಆಯಿಲನ್ನು ಅರ್ಧ ಹಾಕಿ ಅರ್ಧ ಇಟ್ಟುಕೊಂಡರೆ ಮತ್ತೇನಾಗ್ತದೆ?"

ಸ್ಪಾನರಿನ ಸದ್ದು ನಿಂತಿತು. ನನ್ನ ಬಾಯಿ ನಿಲ್ಲಲಿಲ್ಲ. "ಕದ್ದಿಲ್ಲವಾದರೆ ದೈವದ ಗುಡಿಯ ನಡೆಯಲ್ಲಿ ನಿಂತು ಪ್ರಮಾಣ ಮಾಡು. ನಾನೂ ಬರ್ತೇನೆ." ಹಿರಿಯರೆಂದು ಅಷ್ಟು ದಿನ ಬಹುವಚನ ಕೊಟ್ಟ ಮನುಷ್ಯನಿಗೆ ಹಾಗೆ ಅಂದೆ. ಥೂ, ನನ್ನ ಜನ್ಮಕ್ಕೆ...

ಅಣ್ಣ ತುಂಬ ಹೊತ್ತು ಕೈ ಒರೆಸಿಕೊಂಡರು. ಮತ್ತೆ, "ಪ್ರಮಾಣ ಬೇಡ ಮಾಸ್ಟ್ರೇ. ಗಾಡಿಯನ್ನು ಬೇರೆ ಕಡೆ ತೋರಿಸಿ" ಎಂದಷ್ಟೇ ಹೇಳಿದರು.

ನಮ್ಮ ಕಡೆ ಪ್ರಮಾಣಕ್ಕೆ ಹಿಂಜರಿದರೆ ಮುಗಿಯಿತು, ತಪ್ಪೊಪ್ಪಿದ ಲೆಕ್ಕ. ಅದೂ ಹೇಳಿದವನು ಮಾಸ್ಟ್ರು. ಸಂಜೆಯೊಳಗೆ ಮಾತು ಬಂಟ್ವಾಳ ಪೇಟೆ ಮುಟ್ಟಿತ್ತು. ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಿದ್ದ ರಿಕ್ಷಾ, ಜೀಪುಗಳು ಒಂದೊಂದಾಗಿ ಕಮ್ಮಿಯಾದವು. ಮಳೆಗಾಲ ಕಳೆಯುವ ಹೊತ್ತಿಗೆ ಅಣ್ಣ ಬಾಗಿಲು ಹಾಕಿ ಬೆಳ್ತಂಗಡಿಯ ಹೆಂಡತಿ ಮನೆಗೆ ಹೋದರಂತೆ.

ನನ್ನ ಕಾರು ಮೂಡಬಿದಿರೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಹೋಯಿತು. ಈ ಸಲ ನಾನು ಪಕ್ಕದಲ್ಲೇ ನಿಂತು ಪೂರ್ತಿ ಆಯಿಲ್ ಹಾಕಿಸಿದೆ. ಎರಡು ತಿಂಗಳಿಗೆ ಮತ್ತೆ ಅದೇ ಕೆಂಪು ದೀಪ. ಅಲ್ಲಿಯವ ನಕ್ಕು, "ನೆಲಕ್ಕೆ ಒಂದು ತೊಟ್ಟು ಸೋರಿದ್ದಿಲ್ಲ ಸಾರ್. ರಿಂಗ್ ಸವೆದಿದೆ, ಗಾಡಿಯೇ ಕುಡೀತದೆ. ನಿಮಗೆ ಯಾರೂ ಹೇಳಲಿಲ್ಲವಾ?" ಎಂದ. ಹೇಳಿದ್ದರು, ಮೊದಲ ದಿನವೇ.

ಅಲ್ಲಿಂದ ನೇರ ಬೆಳ್ತಂಗಡಿಗೆ ಹೋಗಬೇಕಿತ್ತು. ನಾಳೆ ಹೋಗುವ, ರಜೆಯಲ್ಲಿ ಹೋಗುವ, ಮಗಳ ಹುಟ್ಟುಹಬ್ಬ ಕಳೆಯಲಿ... ಹೀಗೆ ನಾಲ್ಕು ವರ್ಷ. ಊರಿನಲ್ಲಾದರೂ ಒಬ್ಬರ ಹತ್ತಿರ, ಅಣ್ಣ ಕದ್ದಿರಲಿಲ್ಲ, ಸುಳ್ಳು ನನ್ನದು ಎಂದು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಮುಚ್ಚಿದ ಶೆಡ್ಡು ಕಾಣಬಾರದೆಂದು ಸುತ್ತುಬಳಸಿ ಹೋಗುತ್ತಿದ್ದೆ, ಅಷ್ಟೆ.

ಕಡೆಗೆ ಹೋದದ್ದು ಅವರು ತೀರಿಕೊಂಡ ಸುದ್ದಿ ಕೇಳಿದ ಮೇಲೆ. ಅವರ ಹೆಂಡತಿ ಬಯ್ಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಕುರ್ಚಿ ಹಾಕಿ, ನೀರು ಬೆಲ್ಲ ತಂದಿಟ್ಟರು. ನಾನು ತಲೆ ತಗ್ಗಿಸಿ, "ಅಕ್ಕಾ, ತಪ್ಪು ನನ್ನದೇ. ಆದರೆ ಅವರು ಒಂದು ಪ್ರಮಾಣ ಮಾಡಿದ್ದರೆ ಎಲ್ಲ ಸರಿಯಾಗ್ತಿತ್ತಲ್ಲ?" ಎಂದು ಕೇಳಿದೆ. ನೋಡಿ, ಅಲ್ಲಿಯೂ ಅರ್ಧ ತಪ್ಪನ್ನು ಅವರ ಹೆಗಲಿಗೆ ಹಾಕಲಿಕ್ಕೆ ಹೊರಟಿದ್ದೆ.

ಆ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು: "ನಾನೂ ಅದನ್ನೇ ಕೇಳಿದ್ದೆ ಮಾಸ್ಟ್ರೇ. ಅವರು ಒಪ್ಪಲಿಲ್ಲ. 'ನಾನು ಪ್ರಮಾಣ ಮಾಡಿದ್ರೆ ದೈವ ಸುಳ್ಳು ಹೇಳಿದವರ ಮನೆಯನ್ನು ಬಿಡ್ಲಿಕ್ಕಿಲ್ಲ. ಮಾಸ್ಟ್ರ ಮನೆಯಲ್ಲಿ ತೊಟ್ಟಿಲ ಮಗು ಉಂಟು. ನನ್ನ ಗ್ಯಾರೇಜು ಹೋದ್ರೆ ಹೋಗ್ಲಿ' ಅಂದ್ರು."

ಮನೆಗೆ ಬಂದು, ಮಡಚಿದ ಹಾಗೆಯೇ ಇದ್ದ ಆ ಲುಂಗಿಯ ತುಂಡನ್ನು ಬಿಚ್ಚಿದೆ.

ಫರಂಗಿಪೇಟೆಯಲ್ಲಿ ಜೀಪು ಅತ್ತ ತಿರುಗಿತು, ಹೊಗೆ ಕರಗಿತು. "ಹೊಸ ಕಾರಿಗೂ ಪ್ರತಿ ಆದಿತ್ಯವಾರ ಕಡ್ಡಿ ಎಳೆದು ನೋಡ್ತೀರಲ್ಲ ಅಪ್ಪ, ಅದೂ ಆ ಹಳೇ ಚಿಂದಿಯಲ್ಲಿ ಒರೆಸಿ. ನಿಮಗೆಂಥ ಮಂಡೆ ಬಿಸಿ?" ಎಂದು ಮಗಳು ನಕ್ಕಳು. ಅಭ್ಯಾಸ ಎಂದೆ. ತೊಟ್ಟಿಲ ಮಗು ನೀನೇ ಎಂದು ಹೇಳಲು ಬಾಯಿ ತೆರೆದೆ... ಅಂದೂ ಆಗಲಿಲ್ಲ.