ಮೂಕಂಡಪಲ್ಲಿಯಲ್ಲಿ ಅಲುಗದ ಅರ್ಧ ಗಂಟೆ

ಬೆಳಿಗ್ಗೆ ಆರೂವರೆಗೆ ಮೆಜೆಸ್ಟಿಕ್‌ನಿಂದ ಬಸ್ಸಿನಲ್ಲಿ ಹೊರಟವಳು ನಲವತ್ತು ಕಿಲೋಮೀಟರ್ ದೂರದ ಹೊಸೂರು ತಲುಪುವಾಗ ಹತ್ತು ಗಂಟೆ. ಗಡಿಯ ಜೂಜುವಾಡಿಯಲ್ಲಿ ಲಾರಿಗಳ ಸಾಲು ಒಂದು ಗಂಟೆ ಕದಲಲಿಲ್ಲ. ಲೇಸರ್, ಕ್ಯಾಮೆರಾ ಇದ್ದ ಪೆಟ್ಟಿಗೆಯನ್ನು ಕೆಳಗಿಡುವಂತಿರಲಿಲ್ಲ; ತೊಡೆ ಜೋಮು ಹಿಡಿದಿತ್ತು.

ನಾನು ಹೋಗಬೇಕಿದ್ದದ್ದು ಹೊಸೂರಿನ ಮೂಕಂಡಪಲ್ಲಿಯ ಒಂದು ಸಣ್ಣ ಕಾರ್ಖಾನೆಗೆ. ಅಲ್ಲಿ ಕಬ್ಬಿಣ ಕಡೆಯುವ ಲೇತು ಬಿಸಿಯಾಗದಂತೆ ಸುರಿಯುವ ಕೂಲಂಟ್, ಅಂದರೆ ನೀರಿಗೆ ಎಣ್ಣೆ ಬೆರೆಸಿದ ಹಾಲಿನಂಥ ದ್ರವ, ಪದೇಪದೇ ಒಡೆದು ಎಣ್ಣೆ ಮೇಲೆ ತೇಲುತ್ತಿತ್ತು. ಅದನ್ನು ಬೆರೆಸುವ ಕೆಲಸಗಾರ ಮುನಿರಾಜುವಿನದೇ ತಪ್ಪೆಂದು ಸೂಪರ್‌ವೈಸರ್ ನೋಟಿಸ್ ಬರೆದಿಟ್ಟಿದ್ದರು. ಎಣ್ಣೆಹನಿಗಳನ್ನು ಅಳೆದು ಕಾರಣ ಹೇಳುವುದು ನನ್ನ ಕೆಲಸ. ಒಂದು ತೊಟ್ಟು ದ್ರವದೊಳಗೆ ಲೇಸರ್ ಬೆಳಕು ಹಾಯಿಸಿದರೆ ಕ್ಯಾಮೆರಾದಲ್ಲಿ ಉಂಗುರಗಳ ಚಿತ್ರ ಮೂಡುತ್ತದೆ. ಆ ಹಾಲೊಗ್ರಾಮ್‌ನಿಂದ ಕಂಪ್ಯೂಟರ್ ಪ್ರತಿ ಹನಿಯ ಗಾತ್ರ ಲೆಕ್ಕ ಹಾಕುತ್ತದೆ. ಮೇಜು ಮಾತ್ರ ಕೂದಲೆಳೆಯಷ್ಟೂ ಅಲುಗಬಾರದು.

ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಧಡ್ ಎಂದಾಗಲೆಲ್ಲ ಉಂಗುರಗಳು ಕಲಸಿಹೋದವು. ಮೇಜಿನ ಕೆಳಗೆ ರಬ್ಬರ್ ಇಟ್ಟೆ, ಟೈರಿನ ಟ್ಯೂಬ್ ಇಟ್ಟೆ, ಮೂಲೆ ಬದಲಿಸಿದೆ. ಎಪ್ಪತ್ತು ಚಿತ್ರಗಳಲ್ಲಿ ಒಂದೂ ಬಳಕೆಗೆ ಬರಲಿಲ್ಲ. "ನಿಮ್ಮ ಮಿಷಿನ್ನೇ ಸರಿಯಿಲ್ಲವೇನೋ" ಎಂದರು ಸೂಪರ್‌ವೈಸರ್.

ಅವರು ಅತ್ತ ಹೋದ ಮೇಲೆ ಮುನಿರಾಜು ಹತ್ತಿರ ಬಂದ. ಜವಳಗಿರಿಯಿಂದ ದಿನಾ ಬಸ್ಸಿನಲ್ಲಿ ಬರುವ ನಡುವಯಸ್ಸಿನ ಮನುಷ್ಯ. "ಊಟದ ಹೊತ್ಗೆ ಪ್ರೆಸ್ ನಿಲ್ಲುಸ್ತಾರೆ ಮೇಡಂ. ಅರ್ಧ ಗಂಟೆ ಸಿಕ್ತದೆ."

"ಎಣ್ಣೆಗೆ ಯಾವ ನೀರು ಹಾಕ್ತೀರಿ?" ಎಂದು ಕೇಳಿದೆ.

"ಎಲ್ಡು ತಿಂಗ್ಳಿಂದ ಹೊಸಾ ಬೋರ್‌ವೆಲ್ದು. ಬಾಯಿಗಿಕ್ಕೊಳ್ಳಾಕಾಗಲ್ಲ, ಅಷ್ಟು ಗಡ್ಸು. ನಾನೇಳುದ್ರೆ ಯಾರೂ ಕೇಳ್ಲಿಲ್ಲ."

ಅವನ ಕೈಯಿಂದಲೇ ಎರಡು ಮಗ್ ಕೂಲಂಟ್ ಮಾಡಿಸಿದೆ. ಒಂದಕ್ಕೆ ಆ ನೀರು, ಇನ್ನೊಂದಕ್ಕೆ ಕುಡಿಯುವ ಕ್ಯಾನ್ ನೀರು.

ಒಂದು ಗಂಟೆಗೆ ಪ್ರೆಸ್ ನಿಂತಿತು. ಅದೇ ಗಳಿಗೆಯಲ್ಲಿ ಕಂಪ್ಯೂಟರ್ ಅಪ್‌ಡೇಟ್ ಶುರುಮಾಡಿ ಹನ್ನೆರಡು ನಿಮಿಷ ತಿಂದುಹಾಕಿತು. ಅಳುವೇ ಬಂತು. ಉಳಿದ ಹೊತ್ತಿನಲ್ಲಿ ಉಸಿರು ಬಿಗಿಹಿಡಿದು ಚಿತ್ರ ತೆಗೆದೆ. ಕ್ಯಾನ್ ನೀರಿನಲ್ಲಿ ಹನಿಗಳು ಸಣ್ಣಗೆ, ಒಂದೇ ಸಮನಾಗಿದ್ದವು. ಬೋರ್‌ವೆಲ್ ನೀರಿನವು ಒಂದಕ್ಕೊಂದು ಕೂಡಿಕೊಂಡು ಐದಾರು ಪಟ್ಟು ದಪ್ಪಗಾಗಿದ್ದವು; ಹಾಗೆ ದಪ್ಪಗಾದ ಎಣ್ಣೆಯೇ ಮೇಲೆ ತೇಲುವುದು. ಬೆರೆಸಿದ ಕೈ ಒಂದೇ, ಅಳತೆಯೂ ಒಂದೇ.

ಕರೆದಾಗ ಬಂದ ಸೂಪರ್‌ವೈಸರ್ ಪರದೆಯ ಮೇಲೆ ಎರಡೂ ಚಿತ್ರಗಳನ್ನು ಹೋಲಿಸಿ ನೋಡಿದರು. "ಸರಿ, ನೀರು ಬದಲಾಯಿಸೋಣ" ಎಂದಷ್ಟೇ ಹೇಳಿ, ಡ್ರಾಯರ್‌ನಿಂದ ನೋಟಿಸ್ ತೆಗೆದು ಹರಿಯಲು ಹೋದರು.

"ಹರೀಬ್ಯಾಡಿ ಸಾ" ಎಂದ ಮುನಿರಾಜು. "ತಪ್ಪು ನಂದಲ್ಲ ಅಂತ ಅದ್ರ ಮ್ಯಾಲೇ ಬರ್ದು ಸೈನ್ ಮಾಡ್ಕೊಡಿ."

ಅವರು ನನ್ನ ಕಡೆ ನೋಡಿದರು. ನಾನು ಪೆನ್ನು ಕೊಟ್ಟೆ.

ಪೆಟ್ಟಿಗೆ ಎತ್ತಿಕೊಂಡು ಗೇಟಿನವರೆಗೆ ಬಂದು ತಿರುಗಿ ನೋಡಿದೆ. ಅವರಿನ್ನೂ ಬರೆಯುತ್ತಿದ್ದರು. ಮುನಿರಾಜು ಊಟದ ಡಬ್ಬಿ ಬಿಚ್ಚದೆ ಪಕ್ಕದಲ್ಲೇ ನಿಂತು, ಒಂದೊಂದು ಅಕ್ಷರವನ್ನೂ ನೋಡುತ್ತಿದ್ದ.