ಬಲಜೇಬಿನ ಬಟಾಣಿ

ಬೆಳಗಿನ ಐದೂವರೆ. ಈಪರ್ ಊರಿನ ಹೊರಗಿನ ಆಲೂಗಡ್ಡೆ ಹೊಲಗಳ ಮೇಲೆ ಮಂಜು ಇನ್ನೂ ಎದ್ದಿಲ್ಲ. ಖಾಲಿ ಬಸ್ಸೊಂದು ನಿಧಾನಕ್ಕೆ ಬಂದು ಕರೆಂಟ್ ಕಂಬದ ಪಕ್ಕ ನಿಲ್ಲುತ್ತದೆ. ಚಾಲಕರ ಕಿಟಕಿಯಿಂದ ನರೆತ ತಲೆಯೊಂದು ಹೊರಗೆ ಬಾಗುತ್ತದೆ. ಕಾಂಕ್ರೀಟ್ ಕಂಬದ ಕಿಂಡಿಯಲ್ಲಿ ತುಕ್ಕು ಹಿಡಿದ ಫಿರಂಗಿ ಗುಂಡೊಂದು ಕೂತಿದೆ, ಹಾಲಿನವನಿಗೆಂದು ಇಟ್ಟ ಖಾಲಿ ಬಾಟಲಿಯ ಹಾಗೆ.

"ಒಂದು," ಎನ್ನುತ್ತಾರೆ ಚಾಲಕಿ ಗೊಡೆಲೀವ ವಾಂಡ್ರೊಮ, ಊರವರಿಗೆಲ್ಲ ಬರೀ ಲೀವ. ಕೋಟಿನ ಎಡಜೇಬಿನಿಂದ ಒಂದು ಒಣಬಟಾಣಿ ತೆಗೆದು ಬಲಜೇಬಿಗೆ ಹಾಕಿಕೊಳ್ಳುತ್ತಾರೆ. ಬಸ್ಸು ಮುಂದಿನ ಕಂಬಕ್ಕೆ ಹೊರಡುತ್ತದೆ.

ಮೊದಲ ಮಹಾಯುದ್ಧ ಮುಗಿದು ನೂರು ವರ್ಷ ದಾಟಿದರೂ ಇಲ್ಲಿ ನೇಗಿಲು ಹೂಡಿದರೆ ಗುಂಡು ಮೇಲೆ ಬರುತ್ತದೆ. ರೈತರು ಅದನ್ನು ಮೆಲ್ಲಗೆ ತಂದು ಕಂಬದ ಕಿಂಡಿಯಲ್ಲಿಟ್ಟು, ಫೋನ್ ಮಾಡಿ, ಕಾಫಿ ಕುಡಿಯಲು ಹೋಗುತ್ತಾರೆ. ಸೈನ್ಯದ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಕಸದ ಗಾಡಿಗೆ ಕೊಡುವಷ್ಟೇ ಗಮನವನ್ನು ನಾವು ಅದಕ್ಕೂ ಕೊಡುತ್ತೇವೆ. ಆದರೆ ಯುದ್ಧಭೂಮಿ ನೋಡಲು ದೂರದಿಂದ ಬಂದವರ ಕಣ್ಣಿಗೆ ಅದು ಪುಕ್ಕಟೆ ಸಿಕ್ಕ ನೆನಪಿನ ಕಾಣಿಕೆ. ಲೀವ ಅವರ ಬಟಾಣಿ ಲೆಕ್ಕ ಹುಟ್ಟಿದ್ದೇ ಅದಕ್ಕೆ.

ಐವತ್ತೆಂಟರ ಲೀವ ಪ್ರವಾಸಿಗರ ಬಸ್ಸು ಓಡಿಸಲು ಶುರುಮಾಡಿ ಇಪ್ಪತ್ತಾರು ವರ್ಷ. ದಿನಕ್ಕೆ ಎಪ್ಪತ್ತು ಕಿಲೋಮೀಟರ್, ಏಳು ಸಮಾಧಿ ತೋಟ, ಎರಡು ಕಂದಕ, ಒಂದೇ ಒಂದು ಶೌಚಾಲಯ. "ನಿಜವಾದ ಯುದ್ಧ ನಡಿಯೋದು ಅಲ್ಲೇ," ಎಂದು ನಗುತ್ತಾರೆ. ಸಂಜೆ ಚಪ್ಪಾಳೆ ಗಿಟ್ಟಿಸುವುದು ಮೈಕು ಹಿಡಿದ ಗೈಡ್ ಬ್ರಾಮ್. ಪ್ರವಾಸಿಗರ ಫೋಟೋಗಳಲ್ಲಿ ಇವರಿಲ್ಲ. "ನನ್ನ ಕೈ ಇದೆ ಒಂದೆರಡರಲ್ಲಿ. ವಯಸ್ಸಾದೋರನ್ನ ಮೆಟ್ಲು ಇಳಿಸ್ತೀನಲ್ಲ, ಆಗ."

ಲೀವ ಹುಟ್ಟಿದ್ದು ಇದೇ ಹೊಲಗಳ ಅಂಚಿನಲ್ಲಿ. ಉಳುವಾಗ ಗುಂಡೊಂದು ಸಿಡಿದು ಅಪ್ಪನ ಮೂರು ಬೆರಳು ಹೋದವು. "ಅಪ್ಪ ಏಳರ ತನಕ ತಾವೇ ಎಣಿಸ್ತಿದ್ರು. ಎಂಟಾದ್ರೆ ಅಮ್ಮನ್ನ ಕೂಗ್ತಿದ್ರು," ಎನ್ನುತ್ತಾರೆ. ಅದು ಆ ಮನೆಯ ಹಳೇ ತಮಾಷೆ, ಅಪ್ಪನೇ ಕಟ್ಟಿದ್ದು.

ಕೆಲಸಕ್ಕೆ ಸೇರಿದ ಐದನೇ ವರ್ಷ ಪ್ರಯಾಣಿಕನೊಬ್ಬ ಗುಂಡೊಂದನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ಹಡಗುಕಟ್ಟೆಯವರೆಗೂ ಒಯ್ದಿದ್ದ. ಅಲ್ಲಿ ತಪಾಸಣೆಯಲ್ಲಿ ಸಿಕ್ಕಿಬಿದ್ದ. "ದಿನವಿಡೀ ಅದನ್ನ ಬೆನ್ನಹಿಂದೆ ಇಟ್ಕೊಂಡು ಓಡ್ಸಿದೀನಿ! ಒಂದೊಂದು ಉಬ್ಬು ಬಂದಾಗ್ಲೂ ಎಲ್ರೂ 'ಹೋ' ಅಂತಿದ್ರು. ನಾನೂ ಅವ್ರ ಜೊತೆ 'ಹೋ' ಅಂದಿದೀನಿ, ಕತ್ತೆ."

ಮಾರನೇ ದಿನವೇ ಅಡುಗೆಮನೆಯ ಡಬ್ಬಿಯಿಂದ ಬಟಾಣಿ ಜೇಬಿಗೆ ಬಂತು. ಬೆಳಗ್ಗೆ ಕಂಡ ಒಂದೊಂದು ಗುಂಡಿಗೂ ಒಂದು ಬಟಾಣಿ ಎಡದಿಂದ ಬಲಕ್ಕೆ. ಹಗಲು ಪ್ರವಾಸಿಗರೊಂದಿಗೆ ಅದೇ ದಾರಿಯಲ್ಲಿ ಹೋಗುವಾಗ ಗುಂಡು ಅಲ್ಲೇ ಇದ್ದರೆ ಬಟಾಣಿ ವಾಪಸ್ ಎಡಕ್ಕೆ. ಸೈನ್ಯದವರು ಎತ್ತಿಕೊಂಡರೆ ಫೋನಿನಲ್ಲಿ ತಿಳಿಸುತ್ತಾರೆ, ಆಗಲೂ ಎಡಕ್ಕೆ. ಬಲಜೇಬಿನಲ್ಲಿ ಒಂದು ಉಳಿದರೂ ಬಸ್ಸು ಅಲ್ಲಾಡುವುದಿಲ್ಲ.

ಕಳೆದ ಜೂನಿನ ಒಂದು ಶನಿವಾರ ಒಂದು ಉಳಿಯಿತು.

ಸಂಜೆ ಆರೂ ಮುಕ್ಕಾಲು. ಕೊನೆಯ ನಿಲುಗಡೆ, ರೈತ ವಿಲ್‌ಫ್ರೀಡ್ ಬೆಹೇಟ್ ಅವರ ಹೊಲದ ಮೂಲೆ. ಸಮಾಧಿ ತೋಟ ನೋಡಿಕೊಂಡು ಮೂವತ್ತೊಂದು ಮಂದಿ ಸೀಟಿಗೆ ಮರಳಿದ್ದಾರೆ. ಎಂಟಕ್ಕೆ ಊರಿನ ದೊಡ್ಡ ದ್ವಾರದಲ್ಲಿ ಮಡಿದವರ ನೆನಪಿಗೆ ದಿನವೂ ಊದುವ ಕಹಳೆ. ಸಮಾಧಿಯೂ ಸಿಗದ ಸೈನಿಕರ ಹೆಸರುಗಳನ್ನು ಕೆತ್ತಿರುವುದು ಆ ದ್ವಾರದ ಗೋಡೆಗಳ ಮೇಲೆ. ಅಂದು ಅಲ್ಲಿ ಹೂವಿನ ಚಕ್ರ ಇಡುವ ಸರದಿ ಇಂಗ್ಲೆಂಡಿನಿಂದ ಬಂದ ಎಂಬತ್ತೊಂದರ ಈನಿಡ್ ಗಾರ್ಸೈಡ್ ಅವರದು. ಅವರ ತಾಯಿಯ ಅಣ್ಣನ ಹೆಸರು ಆ ಗೋಡೆಯ ಮೇಲಿದೆ. ಬೆಳಗಿನಿಂದ ಬಸ್ಸಿನಲ್ಲಿ ಕೂತಾಗಲೆಲ್ಲ ಆ ಚಕ್ರ ಅವರ ತೊಡೆಯ ಮೇಲೇ.

ಲೀವ ಕಂಬದತ್ತ ನೋಡಿದರು. ಬೆಳಗ್ಗೆ ಅಲ್ಲಿ ಅಂಗೈಯಗಲದ ಕೈಬಾಂಬು ಇತ್ತು. ಈಗ ಕಿಂಡಿ ಖಾಲಿ.

"ಲೀವ, ಸೈನ್ಯದೋರು ತಗೊಂಡಿರ್ತಾರೆ ಬಿಡು. ಎಂಟು ಗಂಟೆ ತಪ್ಪತ್ತೆ," ಎಂದು ಬ್ರಾಮ್ ಪಿಸುಗುಟ್ಟಿದ.

ಲೀವ ಫೋನ್ ಮಾಡಿ ಕೇಳಿದರು. ಸೈನ್ಯದವರು ತೆಗೆದಿರಲಿಲ್ಲ. ಲೀವ ಬಸ್ಸಿನ ಬೀಗದ ಕೈ ಕಿತ್ತು ಎದ್ದು ನಿಂತರು. "ಎಲ್ರೂ ನಿಧಾನಕ್ಕೆ ಇಳೀರಿ. ಬ್ಯಾಗು, ಕೋಟು, ಹೂವು, ಏನನ್ನೂ ಮುಟ್ಬೇಡಿ. ಕೈ ಬೀಸ್ಕೊಂಡು ಬೆಹೇಟ್ ಅವ್ರ ಕೊಟ್ಟಿಗೆ ಹತ್ರ ನಡೀರಿ."

ಕೊಟ್ಟಿಗೆಯ ಮುಂದೆ ಕೇಳಿದರು, ಕಂಬದಿಂದ ಯಾರಾದರೂ ಏನಾದರೂ ಎತ್ತಿಕೊಂಡಿರಾ ಎಂದು. "ನಾನು ಬಯ್ಯಲ್ಲ. ಆದ್ರೆ ಅದು ಸಿಗೋವರ್ಗೂ ಈ ಬಸ್ಸು ಹೊರಡಲ್ಲ," ಎಂದರು ಲೀವ.

ಆಗ ಈನಿಡ್ ಗಾರ್ಸೈಡ್ ಶಾಲೆಯ ಮಗುವಿನ ಹಾಗೆ ಕೈ ಎತ್ತಿದರು. "ನಾನು ಒಂದು ದೇವದಾರು ಕಾಯಿ ತಗೊಂಡೆ. ಕಬ್ಬಿಣದ್ದು. ಯಾವ್ದೋ ಹಳೇ ಗೇಟಿನ ಅಲಂಕಾರ ಅಂದ್ಕೊಂಡೆ. ಮಾವ ಸತ್ತ ಮಣ್ಣಿಂದು ಏನಾದ್ರೂ ತಗೊಂಡು ಬಾ ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ರು... ಅದು ನನ್ನ ಕೈಚೀಲದಲ್ಲಿದೆ." ಲೀವ ಅವರತ್ತ ತಿರುಗಿ ಕೇಳಿದರು: "ಹಾಗಾದ್ರೆ ಎಂಟು ಗಂಟೆ ತಪ್ಪಿಹೋಯ್ತು, ಅಲ್ವಾ?"

ಬಾಯಿ ಬಿಟ್ಟರೆ ಎಂಟು ಗಂಟೆ ತಪ್ಪುತ್ತದೆಂದು ಆಕೆಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ ಲೀವ. "ಗೊತ್ತಿದ್ದೂ ಹೇಳಿದ್ರು ನೋಡಿ. ಗಂಡಸರಾಗಿದ್ರೆ ಅರ್ಧ ಗಂಟೆ ಆಕಾಶ ನೋಡ್ತಿದ್ರು."

ಪೊಲೀಸರು ಬಂದು ರಸ್ತೆ ಮುಚ್ಚಿದರು. ಲೀವ ತಮ್ಮ ಗಂಡ ಮಾರ್ನಿಕ್ಸ್‌ಗೆ ಫೋನ್ ಹಚ್ಚಿದರು. ಆತನದು ಆಲೂಗಡ್ಡೆ ಫ್ರೈಸ್ ಮಾರುವ ಮೋಟಾರು ಗಾಡಿ, ಶನಿವಾರ ಸಂಜೆ ಫುಟ್ಬಾಲ್ ಮೈದಾನದಲ್ಲಿ.

"ಎಣ್ಣೆ ಕಾಯಕ್ಕೆ ಇಟ್ಯಾ?"

"ಈಗ ಇಡ್ತೀನಿ ಕಣೇ. ಇನ್ನೂರು ಜನ ಬಾಯ್ಬಿಟ್ಕೊಂಡು ಕೂತಿದಾರೆ."

"ಇಡ್ಬೇಡ. ಬಾಯ್ಮುಚ್ಕೊಳಕ್ಕೆ ಹೇಳು. ಬೆಹೇಟ್ ಕೊಟ್ಟಿಗೆ ಹಿಂದಿನ ದಾರೀಲಿ ಬಾ, ಒಬ್ರನ್ನ ದ್ವಾರಕ್ಕೆ ಬಿಡ್ಬೇಕು."

"ಲೇ, ಇದು ಟ್ಯಾಕ್ಸಿ ಅಲ್ಲ!"

"ಗೊತ್ತು. ಟ್ಯಾಕ್ಸಿ ಆಗಿದ್ರೆ ಇಷ್ಟು ನಾರ್ತಿರ್ಲಿಲ್ಲ."

(ಅಂದು ಮೈದಾನದಲ್ಲಿ ಫ್ರೈಸ್ ಸಿಗದೆ ಗೊಣಗಿದ ಇನ್ನೂರರಲ್ಲಿ ನನ್ನ ಮಕ್ಕಳಿಬ್ಬರೂ ಇದ್ದರು. ಇಬ್ಬರ ಪರವಾಗಿಯೂ ಈಗ ಮಾಫಿ.)

ಗಾಡಿಯೇನೋ ಬಂತು. ಹೂವಿನ ಚಕ್ರ ಮಾತ್ರ ಬಸ್ಸಿನಲ್ಲೇ, ಕೈಬಾಂಬಿನ ಪಕ್ಕದಲ್ಲೇ. ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಈನಿಡ್ ಗಾಡಿಯ ಬಾಗಿಲ ಬಳಿ ನಿಂತುಬಿಟ್ಟರು. ಕೊಟ್ಟಿಗೆಯ ಮುಂದೆ ನಿಂತು ಎಲ್ಲ ನೋಡುತ್ತಿದ್ದ ಬೆಹೇಟ್ ಹೊಲಕ್ಕಿಳಿದರು. ಜೂನ್ ತಿಂಗಳು, ಆಲೂಗಡ್ಡೆ ಹೂ ಬಿಟ್ಟಿತ್ತು. ಬಿಳಿ ದಳ, ನಡುವೆ ಹಳದಿ. ಒಂದು ತೋಳಿನಷ್ಟು ಕಿತ್ತು, ಹುಲ್ಲಿನ ಹೊರೆ ಕಟ್ಟುವ ಕೆಂಪು ದಾರದಿಂದ ಬಿಗಿದು ಆಕೆಯ ಕೈಗಿತ್ತರು. "ಮಣ್ಣಿಂದೇ ಬೇಕು ಅಂದ್ರಲ್ಲ ಮೇಡಂ. ಇದು ಆ ಮಣ್ಣಿಂದೇ. ಸಿಡಿಯಲ್ಲ."

ಗಾಡಿ ದ್ವಾರ ತಲುಪಿದಾಗ ಏಳು ಐವತ್ತೆರಡು. ಗಾಡಿಯ ಎಣ್ಣೆವಾಸನೆ ಹತ್ತಿದ ಬಟ್ಟೆಯಲ್ಲೇ ಈನಿಡ್ ಸರದಿಯಲ್ಲಿ ನಿಂತರು. ಕಹಳೆ ಮುಗಿದ ಮೇಲೆ ಮಾರ್ನಿಕ್ಸ್ ಚೌಕದಲ್ಲಿ ಎಣ್ಣೆ ಕಾಯಿಸಿ, ಬೆಹೇಟ್ ಹೊಲದ ಹಳೇ ಫಸಲಿನ ಆಲೂಗಡ್ಡೆಯನ್ನೇ ಕರಿದು, ಮೇಯನೇಸ್ ಹಾಕಿ ಕೊಟ್ಟ. ಆಕೆ ಎರಡು ಪೊಟ್ಟಣ ತಿಂದರಂತೆ.

ಲೀವ ಮಾತ್ರ ಕೊಟ್ಟಿಗೆಯಲ್ಲಿ ಉಳಿದ ಮೂವತ್ತು ಮಂದಿಯ ಜೊತೆ ಒಂಬತ್ತೂವರೆವರೆಗೆ ಕಾದರು. ಸೈನ್ಯದವರು ಕೈಚೀಲದ ಸಮೇತ ಬಾಂಬನ್ನು ಒಯ್ದ ಮೇಲೆ ಬಲಜೇಬಿನ ಕೊನೆಯ ಬಟಾಣಿ ಎಡಕ್ಕೆ ಹೋಯಿತು.

ಆ ಸಂಜೆಯ ಫೋಟೋ ಒಂದು ಇಂಗ್ಲೆಂಡಿನಿಂದ ಬಂದು ಬಸ್ಸಿನ ಮುಂಗಾಜಿನ ಮೂಲೆಯಲ್ಲಿ ಅಂಟಿದೆ. ಸಾಲಾಗಿ ಕೆಂಪು ಕಾಗದದ ಹೂಚಕ್ರಗಳು, ನಡುವೆ ಬಾಡಿದ ಆಲೂಗಡ್ಡೆ ಹೂ. ಇದರಲ್ಲೂ ಲೀವ ಇಲ್ಲ. ಎಂಟು ಗಂಟೆಗೆ ದ್ವಾರದ ಕೆಳಗೆ ನಿಂತದ್ದು ಅವರಿಗೆ ನೆನಪಿಲ್ಲ. ಆ ಹೊತ್ತಿಗೆ ಬಸ್ಸು ನಿಲ್ಲಿಸಲು ಜಾಗ ಹುಡುಕುತ್ತಿರುತ್ತಾರೆ.

ಬೇಸರವಿಲ್ಲವೇ ಎಂದು ಕೇಳುತ್ತೇನೆ. ಮಂಜು ಹರಿದಿದೆ, ಬಲಜೇಬಿನಲ್ಲಿ ಇವತ್ತಿನ ನಾಲ್ಕು ಬಟಾಣಿ ಸೇರಿವೆ. ಲೀವ ಗೇರ್ ಬದಲಿಸುತ್ತಾರೆ.

"ಇಪ್ಪತ್ತಾರು ವರ್ಷ ಈ ಯುದ್ಧಭೂಮಿಗೆ ಜನರನ್ನ ಕರ್ಕೊಂಡು ಬಂದಿದೀನಿ. ಕರ್ಕೊಂಡು ಬಂದಷ್ಟೂ ಜನರನ್ನ ವಾಪಸ್ ಕರ್ಕೊಂಡು ಹೋಗಿದೀನಿ. ಇಲ್ಲಿಗೆ ಬಂದ ಒಬ್ಬ ಸೇನಾಪತಿನಾದ್ರೂ ಹಾಗನ್ಲಿ, ನೋಡೋಣ."