ತುಂಡಾಗದ ಬಿದಿರಿನ ದನಿ

ತೀರಿಕೊಂಡವರು ಬಂದು ಬಾಗಿಲ ಹತ್ತಿರ ನಿಂತಿದ್ದರು, ಹೆಸರು ಹಿಡಿದು ಕರೆದರು ಎಂದು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದೆ. ವಾದಿಸುತ್ತಿರಲಿಲ್ಲ. ದುಃಖದಲ್ಲಿರುವವರಿಗೆ ಏನೇನೋ ಅನಿಸುತ್ತದೆ, ಅನಿಸಲಿ ಎಂದುಕೊಳ್ಳುತ್ತಿದ್ದೆ. ಈಗಲೂ ನನ್ನ ಬುದ್ಧಿ ಅದನ್ನೇ ಹೇಳುತ್ತದೆ. ಆದರೆ ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ, ಹಾಡಹಗಲಲ್ಲಿ, ಅಷ್ಟೊಂದು ಜನರ ನಡುವೆ ನಡೆದದ್ದನ್ನು ಆ ಲೆಕ್ಕಕ್ಕೆ ಸೇರಿಸಲು ನನಗೆ ಆಗಿಲ್ಲ. ಏಕೆಂದರೆ ಅದು ನನಗೊಬ್ಬನಿಗೆ ಅನಿಸಿದ್ದಲ್ಲ.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿದ್ದವು. ಒಂದನ್ನು ನಾನು ನೋಡಿಕೊಳ್ಳುತ್ತಿದ್ದೆ, ಅದರ ಎಡಕ್ಕಿದ್ದದ್ದನ್ನು ನನ್ನ ಹೆಂಡತಿ ಸರೋಜ. ಮಗ್ಗ ಓಡುವಾಗ ಮಾತು ಕೇಳಿಸುವುದಿಲ್ಲ. ಹಾಗಾಗಿ ಮಗ್ಗದ ಮನೆಗಳಲ್ಲಿ ಜೊತೆಗೆ ದುಡಿಯುವವರ ನಡುವೆ ಏನಾದರೊಂದು ಸನ್ನೆ ಇರುತ್ತದೆ. ನಾನು ನೀರಿಗೋ ಕಾಫಿಗೋ ಹೋಗಬೇಕೆಂದರೆ ಎಡ ಮೊಣಕೈಯಿಂದ ಅವಳ ತೋಳನ್ನು ಒಮ್ಮೆ ತಟ್ಟುತ್ತಿದ್ದೆ. ಅವಳು ತಲೆಯಾಡಿಸಿ ನನ್ನ ಮಗ್ಗದ ಮೇಲೂ ಕಣ್ಣಿಡುತ್ತಿದ್ದಳು. ಎಳೆ ಕಡಿದರೆ ಕಟ್ಟುತ್ತಿದ್ದಳು. ನಾನು ವಾಪಸು ಬಂದಾಗ ಮಗ್ಗ ಓಡುತ್ತಲೇ ಇರುತ್ತಿತ್ತು.

ಕೊಳಲು ನಮಗೆ ತಡವಾಗಿ ಹತ್ತಿದ ಹುಚ್ಚು. ಮಗಳ ಮದುವೆಯಾದ ಮೇಲೆ, ಭಜನೆಗೆ ನುಡಿಸುತ್ತಿದ್ದ ಮೇಷ್ಟ್ರ ಹತ್ತಿರ ಇಬ್ಬರೂ ಕಲಿಯಲು ಸೇರಿದೆವು. "ಏನ್ ಗುರು, ಈ ವಯಸ್ನಲ್ಲಿ ಕೃಷ್ಣ ಆಗ್ಬಿಟ್ಯಾ?" ಎಂದು ಪಕ್ಕದ ಮನೆಯ ಮುನಿರಾಜು ನನ್ನನ್ನು ಕೆಣಕಿದರೆ ಸರೋಜ ಒಳಗಿನಿಂದಲೇ, "ಕೊಳಲು ನಂದೂ ಇದೆ ಕಣಣ್ಣ. ನೀನ್ ಬಂದು ಹಸು ಕಾಯಿ" ಎನ್ನುತ್ತಿದ್ದಳು.

ದೊಡ್ಡವರಾದ ಮೇಲೆ ಕೊಳಲು ಹಿಡಿದವರಿಗಾಗಿಯೇ ಇಂಗ್ಲೆಂಡಿನಲ್ಲಿ ಒಂದು ವಾರದ ವಸತಿ ಶಿಬಿರ ನಡೆಯುತ್ತದೆ ಎಂದು ಮೊಬೈಲಿನಲ್ಲಿ ನೋಡಿದವಳೂ ಅವಳೇ. ಮೇಷ್ಟ್ರು ನಮ್ಮ ಪರವಾಗಿ ಬರೆದು ಕೇಳಿದರು. ಬಿದಿರಿನ ಕೊಳಲಿನವರೂ ಬರಲಿ ಎಂದು ಅಲ್ಲಿಯವರು ಸಂತೋಷದಿಂದ ಒಪ್ಪಿದರು, ಖರ್ಚಿನಲ್ಲೂ ನೆರವಾದರು. ಆದರೆ ವೀಸಾ ಬರುವ ಹೊತ್ತಿಗೆ ಸರೋಜ ಇರಲಿಲ್ಲ. ಎದೆ ನೋಯುತ್ತಿದೆ ಎಂದು ಕೂತವಳು ಮತ್ತೆ ಏಳಲಿಲ್ಲ.

ಅವಳು ಹೋದ ಮೇಲೆ ನನ್ನ ಕೊಳಲು ನುಡಿಯಲಿಲ್ಲ. ತುಟಿಗಿಟ್ಟರೆ ಬರೀ ಗಾಳಿ. ಶಿಬಿರಕ್ಕೆ ಹೋಗುವುದಿಲ್ಲ ಎಂದೆ. ಆವತಿಯಿಂದ ಬಂದ ಅವಳ ಅಕ್ಕ ನನ್ನನ್ನು ಬೈದರು. "ಅವಳ ಆಸೆ ಅದು. ಅಲ್ಲೋಗಿ ಊದಿ, ಆಗ್ದಿದ್ರೆ ಆಗಲ್ಲ ಅನ್ನಪ್ಪ. ಇಲ್ಲೇ ಕೂತ್ಕೊಂಡು ಆಗಲ್ಲ ಅನ್ಬೇಡ." ಆ ಬೈಗುಳಕ್ಕೆ ನಾನು ಇವತ್ತಿಗೂ ಋಣಿ. ಹೊರಡುವಾಗ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆ: ಅಲ್ಲಿಯೂ ದನಿ ಬರದಿದ್ದರೆ ಕೊಳಲನ್ನು ಇನ್ನು ಮುಟ್ಟುವುದಿಲ್ಲ.

ಶಿಬಿರ ನಡೆದದ್ದು ಒಂದು ಹಳೆಯ ಕಟ್ಟಡದಲ್ಲಿ. ಅಲ್ಲಿ ಎಲ್ಲರ ಕೈಯಲ್ಲೂ ಹೊಳೆಯುವ ಲೋಹದ ಕೊಳಲು. ಬಿದಿರು ನನ್ನದೊಂದೇ. ನನ್ನ ಪುಣ್ಯಕ್ಕೆ ಬಲಗಡೆ ನಾಗವೇಣಿಯಮ್ಮ ಕೂರುತ್ತಿದ್ದರು. ಕೋಲಾರದ ಕಡೆಯವರು, ನರ್ಸ್ ಆಗಿ ಹೋಗಿ ಅಲ್ಲೇ ನೆಲೆಸಿದ್ದರು. ಟೀಚರ್ ಹೇಳಿದ್ದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು, ಊಟಕ್ಕೆ ತಮ್ಮ ಉಪ್ಪಿನಕಾಯಿ ಬಾಟಲಿ ತಂದಿಡುತ್ತಿದ್ದರು. ದಿನಗಳು ಕಳೆದರೂ ನನ್ನಿಂದ ಒಂದು ಸ್ವರವೂ ಹೊರಡಲಿಲ್ಲ. ಯಾರೂ ನಗಲಿಲ್ಲ, ಯಾರೂ ಕನಿಕರ ತೋರಿಸಲೂ ಇಲ್ಲ. ವಯಸ್ಸಾದ ಆ ಟೀಚರ್ ಪ್ರತಿ ಸಂಜೆ ನನಗೆ ತಾವೇ ಟೀ ಬಗ್ಗಿಸಿ ಕೊಟ್ಟು, ನಾಳೆ ನೋಡೋಣ ಎನ್ನುತ್ತಿದ್ದರು, ಅಷ್ಟೇ.

ಕೊನೆಯ ದಿನ ಮಧ್ಯಾಹ್ನ ಒಂದು ಅಭ್ಯಾಸ ಮಾಡಿಸಿದರು. ಎಲ್ಲರೂ ಒಂದೇ ಸ್ವರ ಹಿಡಿಯಬೇಕು, ಆ ಸ್ವರ ನಿಲ್ಲಬಾರದು. ಉಸಿರು ಬೇಕಾದವರು ತೆಗೆದುಕೊಳ್ಳಬಹುದು, ಆದರೆ ಪಕ್ಕದವರು ತೆಗೆದುಕೊಳ್ಳುವಾಗಲ್ಲ. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬಬೇಕು. ನಾನು ಸಾಲಿನ ಎಡ ತುದಿಯಲ್ಲಿದ್ದೆ. ನನ್ನ ಎಡಕ್ಕೆ ಮುಚ್ಚಿದ ಕಿಟಕಿ, ಅದರಾಚೆ ಹುಲ್ಲು. ಇಷ್ಟು ಜನರ ದನಿಯಲ್ಲಿ ನನ್ನದು ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯಕ್ಕೋ ಏನೋ, ತಿಂಗಳುಗಳ ಮೇಲೆ ಕೊಳಲು ತೆಳ್ಳಗೆ ನುಡಿಯಿತು.

ಉಸಿರು ಮುಗಿಯುತ್ತಾ ಬಂತು. ಆಗ ನನಗರಿವಿಲ್ಲದೆ ನನ್ನ ಎಡ ಮೊಣಕೈ ಪಕ್ಕಕ್ಕೆ ತಟ್ಟಿತು. ಅಲ್ಲಿ ಏನೂ ಇರಲಿಲ್ಲ. ಮಾಡಿದ್ದು ಗೊತ್ತಾಗಿ ನಾಚಿಕೆಯಾಯಿತು. ಕೊಳಲನ್ನು ತುಟಿಯಿಂದ ತೆಗೆದು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಎಡ ಕಿವಿಗೆ ಬಿದಿರಿನ ದನಿ ಕೇಳಿಸಿತು. ಲೋಹದ್ದಲ್ಲ. ವರ್ಷಗಟ್ಟಲೆ ಬಿದಿರನ್ನೂ ವಾರವಿಡೀ ಲೋಹವನ್ನೂ ಕೇಳಿದ್ದವನಿಗೆ ಗೊತ್ತಾಗದೆ ಇರುತ್ತದೆಯೇ? ಸ್ವಲ್ಪ ಒರಟು, ಅಂಚಿನಲ್ಲಿ ಗಾಳಿ ಸೇರಿದ ದನಿ. ನಾನು ಮತ್ತೆ ಊದಿದಾಗ ಅದು ಜಾಗ ಬಿಟ್ಟುಕೊಟ್ಟಂತೆ ಸರಿಯಿತು. ಮುಂದಿನ ಉಸಿರಿಗೂ ಹಾಗೆಯೇ, ಅದರ ಮುಂದಿನದಕ್ಕೂ. ಹೆದರಿಕೆ ಎಂಬುದು ಹತ್ತಿರವೂ ಸುಳಿಯಲಿಲ್ಲ. ಕಾಫಿ ಕುಡಿದು ಮಗ್ಗಕ್ಕೆ ವಾಪಸು ಬಂದಂತಿತ್ತು.

ಮುಗಿದ ಮೇಲೆ ಟೀಚರ್ ನನ್ನ ಮುಂದೆ ಬಂದು ನಿಂತು ಏನೋ ಕೇಳಿದರು. ನಾಗವೇಣಿಯಮ್ಮ ನನ್ನ ಕಡೆ ತಿರುಗಿ, "ಉಸ್ರೇ ತಗೊಳ್ದೆ ಹೆಂಗೆ ಊದಿದ್ರಿ ಅಂತ ಕೇಳ್ತಾವ್ರೆ ಅಣ್ಣ. ಬಿದ್ರಿನ ದನಿ ಎಲ್ಲೂ ಕಡೀಲೇ ಇಲ್ವಂತೆ. ನಂಗೂ ಹಂಗೇ ಕೇಳಿಸ್ತು" ಎಂದರು.

"ತುಂಬಾ ಸಲ ತಗೊಂಡ್ನಲ್ಲಮ್ಮ" ಎಂದೆ.

"ನೋಡ್ದೆ. ಅದಕ್ಕೇ ನಾನೂ ಕೇಳ್ತಿರೋದು."

ನಾನು ಅತ್ತುಬಿಟ್ಟೆ. ಅವರು ಟೀಚರಿಗೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಏನೋ ಹೇಳಿದರು. ಏನೆಂದು ನಾನು ಕೇಳಲಿಲ್ಲ. ಟೀಚರ್ ನನ್ನ ಭುಜದ ಮೇಲೆ ಕೈಯಿಟ್ಟರು.

ಊರಿಗೆ ಬಂದು ಮೇಷ್ಟ್ರಿಗೆ ಹೇಳಿದೆ. "ಹಳೇ ಕಟ್ಟಡ ಅಲ್ವೇನಪ್ಪಾ, ಗೋಡೆ ದನಿ ಹಿಡ್ಕೊಂಡಿರುತ್ತೆ" ಎಂದರು. ಎಲೆಅಡಿಕೆ ಹಾಕಿಕೊಂಡ ಮೇಲೆ, "ಅಷ್ಟೊತ್ತು ಹಿಡ್ಕೊಳಲ್ಲ, ಬಿಡು" ಎಂದು ತಾವೇ ಅಂದರು. ಅದಕ್ಕಿಂತ ಹೆಚ್ಚಿನದು ನನಗೂ ಗೊತ್ತಿಲ್ಲ. ಓದುವ ನೀವು ನಂಬಬೇಕೆಂದು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ಎದ್ದು ಹೋಗುತ್ತಿದ್ದೆನೇನೋ. ಅಷ್ಟು ದೂರ ಕಳಿಸಿದವರನ್ನು, ನನ್ನ ದನಿಗಾಗಿ ಅಲ್ಲಿ ಕಾದವರನ್ನು ಮಾತ್ರ ದಿನವೂ ನೆನೆಯುತ್ತೇನೆ.

ಈಗ ಸಂಜೆ ಕೆಲಸ ನಿಲ್ಲಿಸಿದ ಮೇಲೆ ಒಬ್ಬನೇ ನುಡಿಸುತ್ತೇನೆ. ಉಸಿರು ತೆಗೆದುಕೊಂಡಾಗ ಸ್ವರ ನಿಲ್ಲುತ್ತದೆ, ಎಲ್ಲರದೂ ನಿಲ್ಲುವ ಹಾಗೆ. ಆ ನಿಶ್ಶಬ್ದಕ್ಕೆ ಸ್ವಲ್ಪ ಕಿವಿಗೊಟ್ಟು, ಮತ್ತೆ ಊದುತ್ತೇನೆ.